ಮತ್ತೆ?

ಮಂಗಳವಾರದಿಂದ ಈಚೆಗೆ ಕಿವಿಯಲ್ಲಿ ಒಂದೇ ಮಾತು. ಬಿಪಿ ನೋಡುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ.

"ಇದು ಮುಗಿಸಿದ್ರೆ ಡಾಕ್ಟರ್ ಆಗ್ತೀರಾ?"

"ಇಲ್ಲ ಸರ್."

"ಮತ್ತೆ?"

ಕೇಳಿದವರು ಮಡಿಕೇರಿಯ ಒಂದು ಬ್ಯಾಂಕಿನ ಸಾಲದ ಅಧಿಕಾರಿ. ಮೇಜಿನ ಮೇಲೆ ಲಂಡನ್ನಿನಿಂದ ಬಂದ ನನ್ನ ಆಫರ್ ಲೆಟರ್, ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ ಆರ್‌ಟಿಸಿಗಳು. "ಸಾರ್ವಜನಿಕ ಆರೋಗ್ಯ ಸರ್" ಎಂದೆ. ಕೋರ್ಸಿನ ಹೆಸರನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಂತಾಯಿತು, ಅಷ್ಟೇ. ಅವರು ತಲೆಯಾಡಿಸಿ ಕಾಗದ ಮಡಚಿಟ್ಟರು. ಕೆಟ್ಟವರೇನಲ್ಲ. ಅಪ್ಪನಿಗೆ ಕುರ್ಚಿ ಎಳೆದು ಕೊಟ್ಟರು, ಕಾಫಿ ಹೂವಿನ ವಿಚಾರ ಮಾತಾಡಿದರು. ಆದರೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಓದಿ ಹೊರಟ ಹುಡುಗನನ್ನು ಅವರು "ಮತ್ತೆ?" ಎಂದು ಕೇಳುತ್ತಿರಲಿಲ್ಲ. ಅದು ನನಗೆ ಖಂಡಿತ ಗೊತ್ತು.

ನಾನು ಬಿಎಸ್‌ಸಿ ನರ್ಸಿಂಗ್ ಓದಿದವಳು. ಸಿದ್ದಾಪುರದ ಕಡೆ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಗುತ್ತಿಗೆ ಕೆಲಸ. ಆಫರ್ ಬಂದ ದಿನ ಅವ್ವ ಪಾಯಸ ಮಾಡಿದಳು. ಮರುದಿನದಿಂದ ಲೆಕ್ಕ ಶುರುವಾಯಿತು. ಶುಲ್ಕವೇ 30 ಲಕ್ಷ ದಾಟುತ್ತದೆ. ಅದು ಬಿಟ್ಟು, ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,529 ಪೌಂಡಿನಂತೆ 9 ತಿಂಗಳ ಖರ್ಚು ತಮ್ಮಲ್ಲಿದೆ ಎಂದು ವೀಸಾಕ್ಕೆ ತೋರಿಸಬೇಕು. ಒಟ್ಟು 13,761 ಪೌಂಡು, ನಮ್ಮ ದುಡ್ಡಿನಲ್ಲಿ 16 ಲಕ್ಷಕ್ಕೂ ಮೇಲೆ. ಅದೇ ದೇಶದ ಬೇರೆ ಊರಾದರೆ ತಿಂಗಳಿಗೆ 1,171 ಪೌಂಡು ಸಾಕಂತೆ. ಹಣ ನಮ್ಮದೇ ಆದರೆ ಖಾತೆಯಲ್ಲಿ 28 ದಿನ ಕದಲದೆ ಇರಬೇಕು. ಅಲ್ಲಿನ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡನ್ನು ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ಕೋರ್ಸ್ ಒಂದೇ ವರ್ಷದ್ದಾದರೂ ವೀಸಾ ನಾಲ್ಕು ತಿಂಗಳು ಹೆಚ್ಚು ಇರುವುದರಿಂದ, ಇನ್ನರ್ಧ ವರ್ಷದ್ದೂ ಸೇರಿ ನನಗೆ ಅದು 1,164. ಟಿಬಿ ಇಲ್ಲವೆಂಬ ಸರ್ಟಿಫಿಕೇಟೂ ಬೇಕು. ತೋಟದ ಕೆಲಸದವರ ಲೈನ್ ಮನೆಗಳಿಂದ ಕಫದ ಡಬ್ಬಿ ತಂದು ಲ್ಯಾಬಿಗೆ ಮುಟ್ಟಿಸುವವಳು ನಾನು. ಆ ಸಾಲು ಓದುವಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಒಂದು ವಿದ್ಯಾರ್ಥಿವೇತನಕ್ಕೆ ಹಾಕಿದ್ದೆ, ಪಟ್ಟಿಯಲ್ಲಿ ಹೆಸರಿರಲಿಲ್ಲ. ಇನ್ನು ಉಳಿದಿದ್ದು ಸಾಲ. 7.5 ಲಕ್ಷ ದಾಟಿದರೆ ಆಸ್ತಿ ಅಡ ಇಡಿ ಎಂದರು.

ನಮ್ಮದು ಚೇರಂಬಾಣೆ ಕಡೆಯ ಅರೆಭಾಷೆ ಗೌಡರ ಮನೆ. ಆಸ್ತಿ ಇದೆ, ಜಮ್ಮ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಜಾಗ. ಆರ್‌ಟಿಸಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರು, ಅವರು ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರ ಹಿಂದೆ ಕುಟುಂಬದ ಅಷ್ಟೂ ಜನ. ಬ್ಯಾಂಕಿನ ವಕೀಲರು ಮೊದಲ ಹಾಳೆ ನೋಡಿ, "ಜಮ್ಮ ಆಗೂದಿಲ್ಲ" ಎಂದು ಬದಿಗಿಟ್ಟರು. ಅಪ್ಪ ಏನೂ ಹೇಳಲಿಲ್ಲ. ಜಮ್ಮದವರೆಂಬ ಕಾರಣಕ್ಕೇ ನಮಗೆ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ, ಹಬ್ಬದಲ್ಲಿ ಅದೇ ಹೆಮ್ಮೆ. ಆ ಹೆಮ್ಮೆಯ ಕಾಗದವನ್ನು ಮಡಚಿ ಮತ್ತೆ ಕವರಿಗೆ ಹಾಕುವಾಗ ಅಪ್ಪನ ಕೈ ನಿಧಾನವಾಗಿತ್ತು. ನನ್ನ ಅರ್ಜಿಗಾಗಿ ಅವರು ಆ ಕುರ್ಚಿಯಲ್ಲಿ ಕೂರಬೇಕಾಯಿತಲ್ಲ ಎಂದು ನನಗೆ ಇನ್ನೂ ಸಂಕಟ.

ಉಳಿದಿರುವುದು ಅಪ್ಪನೂ ದೊಡ್ಡಪ್ಪನೂ ಸೇರಿ ಕೊಂಡ 1 ಎಕರೆ 60 ಸೆಂಟು. ಅದು ಕ್ರಯದ ಜಾಗ, ನಡೆಯುತ್ತದೆ. ಆದರೆ ದೊಡ್ಡಪ್ಪನ ಸಹಿ ಬೇಕು. ದೊಡ್ಡಪ್ಪನಿಗೂ ನಮಗೂ ಮಾತು ನಿಂತು ಆರು ವರ್ಷ. ಗದ್ದೆಗೆ ಸೇರಿದ ಬಾಣೆ ಗುಡ್ಡದಲ್ಲಿ ಕಡಿದ ಸಿಲ್ವರ್ ಮರಗಳ ಲೆಕ್ಕದಿಂದ ಶುರುವಾದದ್ದು.

"ಮತ್ತೆ?" ಎಂದಾಗ ನಾನು ಏನು ಹೇಳಬೇಕಿತ್ತು ಎಂಬುದನ್ನು ವಾರವಿಡೀ ಯೋಚಿಸಿದ್ದೇನೆ. ಹೇಳಬೇಕಾಗಿದ್ದದ್ದು ಒಂದು ಹುಡುಗಿಯ ವಿಷಯ.

ಎರಡು ವರ್ಷದ ಹಿಂದೆ, ಜನವರಿ, ಕಾಫಿ ಕೊಯ್ಲಿನ ಹೊತ್ತು. ತೋಟಗಳಲ್ಲಿ ದುಡಿಯುವ ಎರವ ಬುಡಕಟ್ಟಿನ ಹುಡುಗಿ, ಹದಿನೇಳೋ ಹದಿನೆಂಟೋ. ಬೆಳಗಿನ ಚಳಿಯಲ್ಲಿ ಕೊಯ್ಯಲು ಹೋದವಳು ಕಾಲು, ಸೊಂಟ ಹಿಡಿದುಕೊಂಡು ಕುಸಿದಿದ್ದಳು. ಅವಳ ತಾಯಿ ಬೆನ್ನಿಗೆ ಆನಿಸಿಕೊಂಡೇ ಕರೆತಂದಳು. ಉಗುರು ನೋಡಿದೆ, ಕಣ್ಣು ನೋಡಿದೆ, ಹಳದಿ. ಆಗಲೇ ಅನುಮಾನ ಬಂತು. ರಕ್ತ ಕಳಿಸಿದೆವು. ಸಿಕಲ್ ಸೆಲ್. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಆ ನೋವು ಅನುಭವಿಸಿದವರಿಗೇ ಗೊತ್ತು. ಚಳಿ, ನೀರು ಕುಡಿಯದಿರುವುದು, ಮೈಮುರಿದು ದುಡಿಯುವುದು, ಇವೆಲ್ಲ ಅದನ್ನು ಕೆರಳಿಸುತ್ತವೆ. ನಮ್ಮ ಕೊಯ್ಲಿನ ಕಾಲದಲ್ಲಿ ಮೂರೂ ಒಟ್ಟಿಗೇ ಇರುತ್ತವೆ.

"ಇದಕ್ಕೆ ಹೆಸರುಂಟಾ ಸಿಸ್ಟರ್?" ಎಂದು ಕೇಳಿದಳು ತಾಯಿ. ಹೇಳಿದೆ. ಅವಳು ಆ ಹೆಸರನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಕೂತಳು, ಮರೆತುಹೋದೀತೆಂದು.

ಆಮೇಲೆ ಒಂದು ಭಾನುವಾರ ನಾನು ಹಳೆಯ ರಿಜಿಸ್ಟರುಗಳನ್ನು ತೆಗೆದು ನೋಡಿದೆ. ಆ ಕುಟುಂಬ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗುತ್ತಿದ್ದದ್ದರಿಂದ ಪಕ್ಕದ ಎರಡು ಕಡೆಯಿಂದಲೂ ಕೇಳಿ ತರಿಸಿದೆ. ಮೂರು ಪುಸ್ತಕ, ಒಂದೇ ಹುಡುಗಿ. ಒಂದರಲ್ಲಿ ಅವಳ ಹೆಸರು ಸರಿಯಾಗಿದೆ, ಇನ್ನೊಂದರಲ್ಲಿ ಕೊನೆಯ ಅಕ್ಷರ ಬೇರೆ, ಮೂರನೆಯದರಲ್ಲಿ ತಾಯಿಯ ಹೆಸರನ್ನೇ ಬರೆದಿದ್ದಾರೆ. ಊರಿನ ಕಾಲಮ್ಮಿನಲ್ಲಿ ಮೂರು ಬೇರೆ ಬೇರೆ ಎಸ್ಟೇಟು. ಕಾಯಿಲೆಯ ಕಾಲಮ್ಮಿನಲ್ಲಿ ಮಾತ್ರ ಎಲ್ಲ ಕಡೆ ಅದೇ: ಮೈಕೈ ನೋವು. ಪಕ್ಕದಲ್ಲಿ ನೋವಿನ ಇಂಜೆಕ್ಷನ್. ನಾಲ್ಕು ವರ್ಷದಲ್ಲಿ ಒಂಬತ್ತು ಸಲ. ಒಂಬತ್ತರಲ್ಲಿ ಒಂದು ನನ್ನ ಕೈಬರಹ. ನೀಲಿ ಇಂಕು, ಕೆಳಗೆ ನನ್ನ ಚುಟುಕು ಸಹಿ. ಆ ದಿನ ನೆನಪೇ ಇಲ್ಲ ನನಗೆ. ಅವಳ ಮುಖವೂ ನೆನಪಿಲ್ಲ.

ಆ ಹಾಳೆಯನ್ನು ಇವತ್ತಿಗೂ ಕಣ್ಣೆದುರು ಕಾಣುತ್ತೇನೆ. ಪ್ರತಿ ಸಲ ನೋಡಿದವರೂ ಆವತ್ತಿನ ನೋವಿಗೆ ಮದ್ದು ಕೊಟ್ಟಿದ್ದಾರೆ, ಬೈದು ಕಳಿಸಿಲ್ಲ. ಮೂರು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಆ ಕೆಲಸ ಕಲಿಯಬೇಕು ಅನ್ನಿಸಿದ್ದು ಆ ಭಾನುವಾರ. ಎಲ್ಲಿ ಎಷ್ಟು ಜನಕ್ಕೆ, ಯಾವ ತಿಂಗಳಲ್ಲಿ, ಯಾವ ಕೆಲಸದಲ್ಲಿ, ಯಾರು ಲೆಕ್ಕದಿಂದ ತಪ್ಪಿಹೋದರು, ಇದನ್ನು ಹಿಡಿಯುವ ಕ್ರಮ. ಸಿಕಲ್ ಸೆಲ್ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಿಷನ್ ಶುರು ಮಾಡಿದೆ, ಗುರಿ 2047. ತಪಾಸಣೆ ನಡೆಯುತ್ತದೆ, ಕಾರ್ಡು ಕೊಡುತ್ತಾರೆ, ಒಳ್ಳೆಯದೇ. ಆದರೆ ಕೊಯ್ಲು ಮುಗಿಯುತ್ತಲೇ ಸಂಸಾರ ಗಂಟು ಕಟ್ಟಿ ಬೇರೆ ಲೈನಿಗೆ ಹೋದರೆ ಈ ನೋವು ಮರುಕಳಿಸುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಅವರ ಹಿಂದೆ ಹೋಗುವುದು ಹೇಗೆ? ಅದಕ್ಕೆ ಒಬ್ಬ ನರ್ಸಿನ ಒಳ್ಳೆಯತನ ಸಾಕಾಗುವುದಿಲ್ಲ.

ಭಾರತದಲ್ಲಿ ಓದಬಾರದೇ ಎಂದು ಬ್ಯಾಂಕಿನವರೂ ಕೇಳಿದರು, ಅತ್ತೆಯೂ ಕೇಳಿದರು. ನ್ಯಾಯವಾದ ಪ್ರಶ್ನೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ, ಅಲ್ಲಿ ಕಲಿತವರೆಂದರೆ ನನಗೆ ತುಂಬ ಗೌರವ. ಆದರೆ ಅದು ಎರಡು ವರ್ಷ, ಇದು ಒಂದೇ ವರ್ಷ. ಅಪ್ಪನ ಮಂಡಿ, ಅವ್ವನ ಸಕ್ಕರೆ ಕಾಯಿಲೆ ನೋಡಿದರೆ ಒಂದು ವರ್ಷವೇ ದೊಡ್ಡದು. ಇನ್ನೊಂದು ಕಾರಣ, ಹೇಳಿದರೆ ಯಾರೂ ಒಪ್ಪಲಿಕ್ಕಿಲ್ಲ. ಈ ವಿದ್ಯೆ ಕಣ್ತೆರೆದ ಬೀದಿ ಲಂಡನ್ನಿನಲ್ಲಿದೆ, ಅದನ್ನು ನೋಡಬೇಕು. 1854ರಲ್ಲಿ ಅಲ್ಲಿನ ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಸಾವುಗಳ ಲೆಕ್ಕ ಹಿಡಿದು ಒಂದು ಪಂಪಿನ ನೀರನ್ನು ಬೊಟ್ಟುಮಾಡಿದರು. ಸೆಪ್ಟೆಂಬರ್ 8ರಂದು ಅದರ ಹಿಡಿಕೆ ತೆಗೆದರು. ಇದು ಎಲ್ಲ ಪಾಠದಲ್ಲೂ ಬರುತ್ತದೆ. ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿಯ ವಿಷಯ ಅಷ್ಟಾಗಿ ಬರುವುದಿಲ್ಲ. ಆ ಬೀದಿಯ ಮನೆಮನೆಯೂ ಗೊತ್ತಿದ್ದ ಯುವಕ. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಹೊರಟು, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೇಳುತ್ತಾ ಕೇಳುತ್ತಾ ಸ್ನೋ ಸರಿ ಎಂದು ಒಪ್ಪಿದವನು. 40ನೇ ನಂಬರಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಒಂದು ಹಸುಗೂಸಿಗೆ ಭೇದಿಯಾಗಿತ್ತು, ತಾಯಿ ಅದರ ಬಟ್ಟೆ ಒಗೆದ ನೀರನ್ನು ಬಾವಿಯ ಪಕ್ಕದ ಗುಂಡಿಗೆ ಸುರಿದಿದ್ದಳು ಎಂಬುದನ್ನು ಹುಡುಕಿದ್ದೂ ಅವನೇ. ಅವನು ಡಾಕ್ಟರಲ್ಲ.

ಇದು ನೆನಪಾದದ್ದು ಮಂಗಳವಾರ ವಾಪಸು ಬರುವ ಬಸ್ಸಿನಲ್ಲಿ, ಮೂರ್ನಾಡು ದಾಟಿದ ಮೇಲೆ.

ಗುರುವಾರ ಸಂಜೆ ನಾನು ಮನೆಯಲ್ಲಿದ್ದೆ. ಹಿಂದಿನ ರಾತ್ರಿ ಹೂಮಳೆ ಬಿದ್ದು ತೋಟವೆಲ್ಲ ಹಸಿಹಸಿ. ಅವ್ವ ಯಾರಿಗೂ ಹೇಳದೆ ದೊಡ್ಡಪ್ಪನ ಮನೆಗೆ ಹೋಗಿ ಬಂದಿದ್ದಳು. ಆರು ಗಂಟೆಗೆ ನಾಯಿ ಬೊಗಳಿತು. ನೋಡಿದರೆ ದೊಡ್ಡಪ್ಪ, ಟಾರ್ಚು ಹಿಡಿದು ಅಂಗಳದಲ್ಲಿ. ಬಂದವರೇ ಜಗಲಿಯಲ್ಲಿ ಕೂತರು. ಅಪ್ಪ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತರು. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಲಿಲ್ಲ. ದೊಡ್ಡಪ್ಪ ಒರಟು ಮನುಷ್ಯ, ನನಗೆ ಚಿಕ್ಕಂದಿನಿಂದ ಅವರೆಂದರೆ ಭಯ. ಇಷ್ಟವೂ ಇರಲಿಲ್ಲ ಎಂದೇ ಹೇಳಬೇಕು.

"ಡಾಕ್ಟರ್ ಆಗೂದಿಲ್ಲಂತೆ?"

"ಇಲ್ಲ ದೊಡ್ಡಪ್ಪ."

"ಮತ್ತೆ?"

ನನಗೆ ಎದೆ ಧಸಕ್ಕೆಂದಿತು. ಆದರೆ ಈ ಸಲ ಹೇಳಿದೆ. ಹುಡುಗಿಯ ವಿಷಯ, ಮೂರು ಪುಸ್ತಕದ ವಿಷಯ, ನನ್ನ ಕೈಬರಹದ ವಿಷಯ. ಒಂದು ಕಡೆ ನಿಲ್ಲಿಸಿದೆ. "ಮತ್ತೆ?" ಎಂದರು. ಮುಂದುವರಿಸಿದೆ. ಇನ್ನೊಮ್ಮೆ ನಿಲ್ಲಿಸಿದೆ. "ಮತ್ತೆ?" ಅವರು ಕೇಳುತ್ತಿದ್ದದ್ದು ಬೇರೆ "ಮತ್ತೆ". ಅಜ್ಜಿ ಕಥೆ ಹೇಳುವಾಗ ನಾವು ಮಕ್ಕಳು ಕೇಳುತ್ತಿದ್ದೆವಲ್ಲ, ಅದು.

ನಾನು ಮುಗಿಸಿದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಟಾರ್ಚಿನ ಗುಂಡಿ ಒತ್ತುತ್ತಾ ಬಿಡುತ್ತಾ ಕೂತರು. ಆಮೇಲೆ ಹೇಳಿದರು. "ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಎರವರವ. ಚಳಿ ಬಂತೆಂದರೆ ಕಾಲು ಹಿಡ್ಕೊಂಡು ಅಳುದು. ಕೆಲಸಗಳ್ಳ ಅಂತ ನಾನೇ ಬೈದಿದ್ದೇನೆ. ಒಂದು ದಿನ ಹೊಡೆದೂ ಇದ್ದೇನೆ."

ಯಾರೂ ಮಾತಾಡಲಿಲ್ಲ. ಆ ಹುಡುಗ ಏನಾದ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಈಗಲೂ ಗೊತ್ತಿಲ್ಲ. ಅವನಿಗೆ ಅದೇ ಕಾಯಿಲೆ ಇತ್ತೆಂದು ಹೇಳಲೂ ಆಗುವುದಿಲ್ಲ, ಅವನ ರಕ್ತವನ್ನು ಯಾರೂ ನೋಡಿಲ್ಲ, ಅವನ ಹೆಸರು ಯಾವ ಪುಸ್ತಕದಲ್ಲಿದೆಯೋ.

"ಸಹಿ ಎಲ್ಲಿ?" ಎಂದರು ದೊಡ್ಡಪ್ಪ. ಇಲ್ಲಿ ಹಾಕಿದರೆ ಆಗುವುದಿಲ್ಲ, ಬ್ಯಾಂಕಿಗೇ ಬರಬೇಕು ಎಂದು ಅಪ್ಪ ಹೇಳಿದರು. ಆರು ವರ್ಷದಲ್ಲಿ ಅಣ್ಣನಿಗೆ ಅಪ್ಪ ನೇರವಾಗಿ ಹೇಳಿದ ಮೊದಲ ಮಾತು ಅದು. ಅವ್ವ ಕರಿಕಾಫಿ ತಂದಳು.

ಸಾಲ ಮಂಜೂರಾಗುತ್ತದೋ ಇಲ್ಲವೋ. ಜಾಗದ ಬೆಲೆ ಕಟ್ಟಬೇಕು, ವಕೀಲರು ಒಪ್ಪಬೇಕು. ಎಲ್ಲ ಆದರೂ ಪೂರ್ತಿ ಮೊತ್ತ ಸಿಗುವ ಖಾತ್ರಿ ಇಲ್ಲ. ಸಾಲ ಸಿಕ್ಕಿದರೆ ತೀರಿಸಲು ಎಷ್ಟು ವರ್ಷ ಎಂಬ ಲೆಕ್ಕವನ್ನು ನಿನ್ನೆ ರಾತ್ರಿ ಮಾಡಿ, ಹಾಳೆ ಮಡಚಿ ದಿಂಬಿನಡಿ ಇಟ್ಟಿದ್ದೇನೆ. ಅರ್ಜಿಯಲ್ಲಿ "ವ್ಯಾಸಂಗದ ನಂತರದ ಉದ್ಯೋಗ" ಎಂಬ ಜಾಗ ಮಂಗಳವಾರ ಖಾಲಿ ಬಿಟ್ಟಿದ್ದೆ. ಈಗ ತುಂಬಿದ್ದೇನೆ, ಜಾಗ ಸಾಲದೆ ಹಿಂಬದಿಗೂ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ ಚೇರಂಬಾಣೆಯಿಂದ ಮೂವರೂ ಒಂದೇ ಬಸ್ಸಿಗೆ. ದೊಡ್ಡಪ್ಪನ ಆಧಾರ್ ಕಾರ್ಡಿನದು ಎರಡು ಜೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕು. ಫೋಟೋ ಇಲ್ಲವಂತೆ, ಮಡಿಕೇರಿಯಲ್ಲಿ ಇಳಿದ ಕೂಡಲೇ ತೆಗೆಸಬೇಕು.