ಮೇಷ್ಟ್ರ ಹೆಡ್‌ಲೈಟ್ ಬಲ್ಬು

ನಮ್ಮ ಆಟೋಮೊಬೈಲ್ ವಿಭಾಗದ ವರ್ಕ್‌ಶಾಪಿನಲ್ಲಿ ಒಂದು ಹಳೆಯ ಕಾರು ಇತ್ತು. ಅದು ರಸ್ತೆಗೆ ಇಳಿದದ್ದನ್ನು ನಾವಂತೂ ಕಂಡಿಲ್ಲ. ವರ್ಷಾನುಗಟ್ಟಲೆ ನಮ್ಮಂಥವರ ಕೈಗೆ ಸಿಕ್ಕಿ ನರಳುವುದೇ ಅದರ ಕೆಲಸ. ಪ್ರಾಕ್ಟಿಕಲ್‌ಗೆ ಮೊದಲು ಮೇಷ್ಟ್ರು ಒಬ್ಬರೇ ಒಳಗೆ ಹೋಗಿ ಏನೋ ಒಂದನ್ನು ಕೆಡಿಸಿಟ್ಟು ಬರುತ್ತಿದ್ದರು. ಏನು ಕೆಟ್ಟಿದೆ ಅಂತ ಹುಡುಕುವುದು ನಮ್ಮ ಪಾಲಿಗೆ.

ಎರಡನೇ ವರ್ಷದ ಒಂದು ಮಧ್ಯಾಹ್ನ ಇಂಜಿನ್ ಓಡಿಸಿ ಸುತ್ತ ನಿಂತಿದ್ದೆವು. ಟೆಂಪರೇಚರ್ ಮುಳ್ಳು ನಡು ದಾಟಿ ಏರುತ್ತಿದೆ, ರೇಡಿಯೇಟರ್ ಫ್ಯಾನ್ ಮಾತ್ರ ಅಲ್ಲಾಡುತ್ತಿಲ್ಲ. "ಸಾರ್, ಮೋಟರ್ ಹೋಗಿದೆ" ಅಂದೆ. ಎಲ್ಲರಿಗಿಂತ ಮೊದಲು ಹೇಳಿಬಿಟ್ಟೆನಲ್ಲ ಅನ್ನೋ ಖುಷಿ ಬೇರೆ.

"ಹೆಣ ಎತ್ತೋಕೆ ಮೊದಲು ನಾಡಿ ನೋಡಿದ್ಯೇನೋ?" ಅಂದರು ಮೇಷ್ಟ್ರು.

ಇಂಜಿನ್ ಆಫ್ ಮಾಡಿಸಿದರು. ಆಫ್ ಮಾಡಿದರೂ ಫ್ಯಾನ್ ಹತ್ತಿರ ಕೈ ಹಾಕಲು ಬಿಡಲಿಲ್ಲ. ಬಿಸಿ ಇದ್ದಾಗ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಅದು ತಾನಾಗಿ ತಿರುಗತೊಡಗುತ್ತದೆ, ಬೆರಳು ಹೋಗುತ್ತದೆ. ರೇಡಿಯೇಟರ್ ಮುಚ್ಚಳದ ಮಾತಂತೂ ಬೇಡ. ಒಳಗೆ ಒತ್ತಡ ಇರುವುದರಿಂದ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಕುದಿದು ಮುಖಕ್ಕೇ ಹಾರುತ್ತದೆ.

ಆಮೇಲೆ ಅವರ ಮಾಮೂಲಿ ಪ್ರಶ್ನೆ: "ತಿರುಗು ಅಂತ ಫ್ಯಾನ್‌ಗೆ ಯಾರೂ ಹೇಳಿಲ್ವೋ, ಹೇಳಿದ್ರೂ ಅದಕ್ಕೆ ಆಗ್ತಿಲ್ವೋ?"

ಹೇಳುವವರು ಯಾರು ಅಂತ ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಬರೆಸಿದ್ದರು. ಸೆನ್ಸರ್ ಕೂಲೆಂಟಿನ ಬಿಸಿ ಅಳೆದು ಇಸಿಯುಗೆ, ಅಂದರೆ ಇಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರಿಗೆ, ತಿಳಿಸುತ್ತದೆ. ಸಾಮಾನ್ಯವಾಗಿ 95ರಿಂದ 105 ಡಿಗ್ರಿಯ ನಡುವೆ ಇಸಿಯು ರಿಲೇಗೆ ಸೂಚನೆ ಕೊಡುತ್ತದೆ. ರಿಲೇ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಸೆನ್ಸರ್ ಪಾಠಕ್ಕೆ ಅವರು ಇಡೀ ಒಂದು ಪೀರಿಯಡ್ ಕೊಟ್ಟಿದ್ದರು. ಬಿಸಿ ನೀರಿನ ಪಾತ್ರೆಯಲ್ಲಿ ಅದನ್ನು ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್, ಅಂದರೆ ಓಮ್ಸ್, ಇಳಿಯುವುದನ್ನು ಬರೆದುಕೊಂಡಿದ್ದೆವು. 20 ಡಿಗ್ರಿಯಲ್ಲಿ ಎರಡೂವರೆ ಸಾವಿರದ ಹತ್ತಿರ ಇದ್ದದ್ದು 80 ಡಿಗ್ರಿಗೆ ಬರುವಷ್ಟರಲ್ಲಿ ಮುನ್ನೂರರ ಆಸುಪಾಸು. ಬೋರ್ ಹೊಡೆಯಿತು ಅನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅದೇ ಸೆನ್ಸರ್, ಕೂಲೆಂಟ್ ಕಡಿಮೆಯಾಗಿ ಗಾಳಿಯಲ್ಲಿ ನಿಂತುಬಿಟ್ಟರೆ ನಿಜ ಹೇಳುವುದಿಲ್ಲ. ಅದಕ್ಕೇ ಇಂಜಿನ್ ಆರಿದ ಮೇಲೆ ಲೆವೆಲ್ ನೋಡದೆ ಬೇರೇನೂ ಮುಟ್ಟುವ ಹಾಗಿರಲಿಲ್ಲ.

ಲೆವೆಲ್ ಸರಿಯಿತ್ತು. ಫ್ಯೂಸ್ ಸರಿಯಿತ್ತು. ಇಂಜಿನ್ ಮತ್ತೆ ಶುರು ಮಾಡಿ ಸೆನ್ಸರಿನ ಪ್ಲಗ್ ಎಳೆದೆವು. ಸೆನ್ಸರ್ ಸಿಗದಿದ್ದರೆ ಎಷ್ಟೋ ಕಾರುಗಳ ಇಸಿಯು ಹೆದರಿ ಫ್ಯಾನ್ ಹಾಕಿಬಿಡುತ್ತದೆ. ರಿಲೇ ಟಕ್ ಅಂತು. ಅಂದರೆ ಹೇಳುವವರು ಹೇಳುತ್ತಿದ್ದಾರೆ. ಫ್ಯಾನ್ ತಿರುಗಲಿಲ್ಲ. ನನಗೆ ಒಳಗೊಳಗೇ ಸಂತೋಷ, ಮೋಟರೇ ಹೋಗಿರೋದು ಅಂತ. ಅದರ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ ನೇರವಾಗಿ, ನಡುವೆ ಫ್ಯೂಸ್ ಇಟ್ಟು, ಎರಡು ವೈರ್ ಕೊಟ್ಟೆವು. ಭರ್ ಅಂತ ತಿರುಗಿತು. ನನ್ನ ಮುಖ ಸಣ್ಣಗಾಯಿತು.

ಈಗ ವೈರಿಂಗ್ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದೆ. 12 ವೋಲ್ಟ್‌ಗಿಂತ ತುಸು ಜಾಸ್ತಿಯೇ ಇದೆ! ವೋಲ್ಟೇಜ್ ಬರ್ತಿದೆ, ಮೋಟರ್ ಚೆನ್ನಾಗಿದೆ, ಸೇರಿಸಿದರೆ ತಿರುಗಲ್ಲ. ಹೀಗೂ ಉಂಟೇ?

ಮೇಷ್ಟ್ರು ಕೋಟಿನ ಜೇಬಿನಿಂದ ಒಂದು ಹಳೇ ಹೆಡ್‌ಲೈಟ್ ಬಲ್ಬು ತೆಗೆದರು. ಅದಕ್ಕೆ ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಸಿಕ್ಕಿಸಿದ್ದರು. ಮೋಟರಿನ ಜಾಗದಲ್ಲಿ ಅದನ್ನು ಸೇರಿಸಿದರು. ಕಣ್ಣು ಕುಕ್ಕಬೇಕಾಗಿದ್ದ ಬಲ್ಬು ಕೆಂಡದ ಹಾಗೆ ಕೆಂಪಗೆ, ಮಂಕಾಗಿ ಉರಿಯಿತು.

"ಮೀಟರ್ ಬರೀ ಮಾತಾಡಿಸಿ ಬರುತ್ತೆ ಕಣೋ. ಬಲ್ಬು ಸಾಲ ಕೇಳುತ್ತೆ. ಕೇಳಿದಾಗ ತಾನೇ ಯಾರ ಹತ್ರ ಇದೆ, ಯಾರ ಹತ್ರ ಇಲ್ಲ ಗೊತ್ತಾಗೋದು?"

ಮಲ್ಟಿಮೀಟರ್ ಹೆಚ್ಚುಕಡಿಮೆ ಕರೆಂಟೇ ಎಳೆಯುವುದಿಲ್ಲ. 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪ್ಸ್ ಕೇಳುತ್ತದೆ. ಫ್ಯಾನ್ ಅದರ ಎರಡು ಮೂರು ಪಟ್ಟು ಕೇಳುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿದ್ದರೆ ಮೀಟರಿಗೆ ಅದು ಕಾಣುವುದೇ ಇಲ್ಲ, ಕರೆಂಟ್ ಎಳೆದಾಗ ಮಾತ್ರ ವೋಲ್ಟೇಜ್ ಅಲ್ಲೇ ಕರಗಿಹೋಗುತ್ತದೆ. ಬಲ್ಬು ಉರಿಯುತ್ತಿರುವಾಗಲೇ ಮೀಟರನ್ನು ಅರ್ತ್ ವೈರಿನ ಎರಡು ತುದಿಗೆ ಹಿಡಿಸಿದರು, ಸೊನ್ನೆಯ ಹತ್ತಿರ ಬಂತು, ಅಂದರೆ ಅಲ್ಲಿ ವೋಲ್ಟೇಜ್ ಕರಗುತ್ತಿಲ್ಲ. ರಿಲೇಗೆ ಕರೆಂಟ್ ಬರುವ 30ನೇ ಪಿನ್ ಮತ್ತು ಮೋಟರಿನ ಕಡೆ ಹೋಗುವ 87ನೇ ಪಿನ್ ನಡುವೆಯೂ ಅಷ್ಟೇ. 87ನೇ ಪಿನ್ನಿಗೂ ಅದು ಕೂರುವ ಸಾಕೆಟ್ಟಿನ ವೈರಿಗೂ ಹಿಡಿದಾಗ 8 ವೋಲ್ಟ್! ರಿಲೇ ಕಿತ್ತು ನೋಡಿದರೆ ಸಾಕೆಟ್ಟಿನ ಆ ತೂತು ಸುಟ್ಟು ಕರಕಲಾಗಿತ್ತು. ಹಿಂದಿನ ಯಾವುದೋ ಬ್ಯಾಚಿನವರು ಸುಟ್ಟ ಸಾಕೆಟ್ಟನ್ನು ಮೇಷ್ಟ್ರು ಜೋಪಾನವಾಗಿ ಎತ್ತಿಟ್ಟು, ನಮಗಾಗಿ ಜೋಡಿಸಿದ್ದರಂತೆ.

ಕೊನೆಯ ದಿನ ಎಲ್ಲರೂ ಅವರ ಹತ್ತಿರ ಆಟೋಗ್ರಾಫ್ ಹಾಕಿಸಿಕೊಂಡರು. ನಾನು ಬಲ್ಬು ಕೇಳಿದೆ. ಕೊಡಲಿಲ್ಲ. "ಎರಡು ವೈರ್, ಎರಡು ಕ್ಲಿಪ್. ನೀನೇ ಮಾಡ್ಕೋ ಹೋಗು" ಅಂದರು. ಮಾಡಿಕೊಂಡೆ. ನನ್ನ ಟೂಲ್ ಬಾಕ್ಸಿನಲ್ಲಿ ಈಗಿರುವುದು ನಾಲ್ಕನೇ ಬಲ್ಬು. ವೈರು ಮಾತ್ರ ಅವೇ.