ಕೊಲುಮೆಲ್ಲಾನ ದ್ರಾಕ್ಷಿ ತೋಟದ ಲೆಕ್ಕ

ಕುಷ್ಟಗಿಯಲ್ಲಿ ಕೂತು, ತೋಟ ಮಾಡುವವರಿಗೆ ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ದಾಳಿಂಬೆ, ದ್ರಾಕ್ಷಿ ಯಾವುದೇ ಇರಲಿ, ಭೂಮಿಗೆಷ್ಟು, ಸಸಿಗೆಷ್ಟು, ಡ್ರಿಪ್ಪಿಗೆಷ್ಟು, ಫಸಲು ಬರುವ ತನಕ ಬಡ್ಡಿ ಎಷ್ಟು ಎಂದು ಕೂಡಿಸುತ್ತಾ ಹೋಗಬೇಕು. ಎರಡು ಸಾವಿರ ವರ್ಷದ ಹಿಂದಿನ ಒಂದು ಲ್ಯಾಟಿನ್ ಕೃಷಿ ಗ್ರಂಥದಲ್ಲಿ ಇದೇ ನಮೂನೆಯ ಲೆಕ್ಕ ಕಂಡಾಗ ಮೈ ಜುಮ್ಮೆಂದಿತು.

ಬರೆದವನು ಕೊಲುಮೆಲ್ಲಾ. ಈಗಿನ ಸ್ಪೇನಿನ ಕಾದಿಸ್ ಊರಿನವನು, ಕ್ರಿ.ಶ. 1ನೇ ಶತಮಾನದವನು. ಅವನ ಗ್ರಂಥದಲ್ಲಿ 12 ಭಾಗಗಳಿವೆ, ಈ ಲೆಕ್ಕ ಇರುವುದು 3ನೆಯದರಲ್ಲಿ. ತೋಟ 7 ಯೂಗೆರ. ಒಂದು ಯೂಗೆರ ಎಂದರೆ ನಮ್ಮ 25 ಗುಂಟೆಯ ಆಸುಪಾಸು, ಅಲ್ಲಿಗೆ ಒಟ್ಟು ನಾಲ್ಕೆಕರೆ ಚಿಲ್ಲರೆ. ಭೂಮಿಗೆ 7,000 ಸೆಸ್ಟರ್ಸ್ (ರೋಮನ್ನರ ನಾಣ್ಯ). ಬಳ್ಳಿ, ಆಸರೆ ಕೋಲು ಸೇರಿ 14,000. ಬಳ್ಳಿ ಸವರಿ ಸಾಕಬಲ್ಲ ನುರಿತ ಗುಲಾಮನೊಬ್ಬನನ್ನು ಕೊಳ್ಳಲು 8,000. ಅಂದರೆ ಆ ಮನುಷ್ಯನ ಬೆಲೆ ಇಡೀ ತೋಟದ ನೆಲಕ್ಕಿಂತ ಹೆಚ್ಚು. ಒಟ್ಟು 29,000. ಮೊದಲ ಎರಡು ವರ್ಷ ಕಾಯಿ ಬಿಡುವುದಿಲ್ಲವೆಂದು ಶೇ. 6ರಂತೆ ಬಡ್ಡಿ 3,480 ಸೇರಿಸುತ್ತಾನೆ. 32,480 ಆಯಿತು. ಇಷ್ಟು ಹಣ ಬಡ್ಡಿಗೆ ಬಿಟ್ಟಿದ್ದರೆ ವರ್ಷಕ್ಕೆ 1,950 ಬರುತ್ತಿತ್ತು. ಎಷ್ಟೇ ಕಡಿಮೆ ಫಸಲು, ಎಷ್ಟೇ ಕಡಿಮೆ ದರ ಎಂದರೂ ತೋಟದಿಂದ 2,100 ಬರುತ್ತದೆ, ಹಾಗಾಗಿ ತೋಟವೇ ಮೇಲು ಎನ್ನುವುದು ಅವನ ವಾದ.

ಇದರ ಮೇಲೆ ಆಧುನಿಕ ವಿದ್ವಾಂಸರು ಹಾಕಿದ ಪಟ್ಟು ಕಡಿಮೆಯದಲ್ಲ. 1937ರಲ್ಲಿ ಗುನ್ನರ್ ಮಿಕ್ವಿಟ್ಜ್ ರೋಮನ್ನರ ಲೆಕ್ಕದ ಕ್ರಮವನ್ನೇ ಪ್ರಶ್ನಿಸಿದರು. 1974ರಲ್ಲಿ ರಿಚರ್ಡ್ ಡಂಕನ್-ಜೋನ್ಸ್ ಈ ಅಂಕಿಗಳನ್ನು ಬಿಡಿಸಿ ನೋಡಿದರು. ಕಟ್ಟಡದ ಖರ್ಚು ಎಲ್ಲಿ? ಸಲಕರಣೆ ಎಲ್ಲಿ? ಆ ಗುಲಾಮನ ಊಟ-ಬಟ್ಟೆ ಎಲ್ಲಿ? ಅವನಿಗೂ ವಯಸ್ಸಾಗುತ್ತದೆ, ಬಳ್ಳಿಯೂ ಮುದಿಯಾಗುತ್ತದೆ, ಆ ಸವಕಳಿ ಎಲ್ಲಿ? ಇವನ್ನೆಲ್ಲ ಹಿಡಿದರೆ ಆ 150 ಸೆಸ್ಟರ್ಸ್ ಅಂತರ ಎಲ್ಲಿ ಉಳಿದೀತು!

1983ರಲ್ಲಿ ಇಟಲಿಯ ಪುರಾತತ್ವಜ್ಞ ಆಂದ್ರೆಯಾ ಕರಂದೀನಿ ಕೊಲುಮೆಲ್ಲಾನ ಪರ ನಿಂತರು. ಊಟ, ಬಟ್ಟೆ ಎಲ್ಲ ಅದೇ ಎಸ್ಟೇಟಿನಲ್ಲಿ ಆಗುತ್ತಿತ್ತು, ಅದಕ್ಕೆ ನಗದು ಕೈಯಿಂದ ಹೋಗುತ್ತಿರಲಿಲ್ಲ. ಆದ್ದರಿಂದ ಅವನು ನಗದಿನ ಲೆಕ್ಕವನ್ನಷ್ಟೇ ಬರೆದ, ಅದು ದಡ್ಡತನವಲ್ಲ ಎಂದರು.

ಕರಂದೀನಿ ಹೇಳಿದ್ದನ್ನು ನಾನು ಪೂರ್ತಿ ನಂಬುತ್ತೇನೆ, ಏಕೆಂದರೆ ದಿನಾ ನೋಡುತ್ತೇನೆ. ಈಚೆಗೆ ದಾಳಿಂಬೆ ಹಾಕುವ ಹಿರಿಯರೊಬ್ಬರ ಹತ್ತಿರ ಕಳೆ, ಚಾಟಣಿ (ಗಿಡ ಸವರುವುದು), ಹಣ್ಣು ಆರಿಸುವುದು ಯಾರು ಮಾಡುತ್ತಾರೆಂದು ಕೇಳಿದೆ. "ಎಲ್ಲಾ ನಮ್ಮ ಹೆಣ್ಮಕ್ಕಳ ಮಾಡ್ತಾರ್ರೀ. ಮನ್ಯಾಗಿನ ಮಂದಿ ದುಡಿದಿದ್ದಕ್ಕ ಯಾರರ ಪಗಾರ ಬರಕೋತಾರೇನ್ರೀ ಸರ?" ಎಂದರು. ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದವರು ಎ2 ಎಂದು ಕೈಯಿಂದ ಹೋದ ಖರ್ಚನ್ನು, ಎಫ್‌ಎಲ್ ಎಂದು ಮನೆಮಂದಿಯ ದುಡಿಮೆಯ ಬೆಲೆಯನ್ನು ಬೇರೆ ಬೇರೆ ಇಡುತ್ತಾರೆ. ಸಿ2 ಲೆಕ್ಕದಲ್ಲಿ ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯೂ ಬಂದು ಸೇರುತ್ತವೆ. ಆ ಕಣ್ಣಿನಿಂದ ನೋಡಿದರೆ ಕೊಲುಮೆಲ್ಲಾ ಭೂಮಿ, ಬಡ್ಡಿ ಎರಡನ್ನೂ ಹಿಡಿದ, ಎಫ್‌ಎಲ್ ಇರಬೇಕಾದ ಜಾಗವನ್ನೇ ಖಾಲಿ ಬಿಟ್ಟ.

ಆದರೆ ನಗದು ಹೋಗಲಿಲ್ಲ ಎಂದ ಮಾತ್ರಕ್ಕೆ ಖರ್ಚೇ ಆಗಲಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಅದೇ ಗ್ರಂಥದ 12ನೇ ಭಾಗದಲ್ಲಿ, ಮಳೆ ಬಂದು ಹೊಲದ ಕೆಲಸ ನಿಂತ ದಿನ ಹೆಂಗಸರನ್ನು ಉಣ್ಣೆಯ ಕೆಲಸಕ್ಕೆ ಕೂಡಿಸಬೇಕೆಂದು ಅವನೇ ಬರೆಯುತ್ತಾನೆ. 1ನೇ ಭಾಗದಲ್ಲಿ, ಮೂರು ಗಂಡುಮಕ್ಕಳನ್ನು ಹೆತ್ತ ಗುಲಾಮ ಹೆಂಗಸಿಗೆ ಕೆಲಸದಿಂದ ವಿನಾಯಿತಿ ಕೊಟ್ಟೆ, ಇನ್ನೂ ಹೆಚ್ಚು ಹೆತ್ತವಳಿಗೆ ಬಿಡುಗಡೆಯನ್ನೇ ಕೊಟ್ಟೆ ಎನ್ನುತ್ತಾನೆ. ಅವರ ದುಡಿಮೆ, ಅವರ ಹೆರಿಗೆ ಎರಡೂ ಎಸ್ಟೇಟಿಗೆ ಆಸ್ತಿಯೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ 32,480ರಲ್ಲಿ ಮಾತ್ರ ಅವರ ಹೆಸರಿಗೆ ಒಂದು ಸೆಸ್ಟರ್ಸೂ ಇಲ್ಲ.