ಹಕ್ಕುಪತ್ರ ಬಂದ ಮೇಲೆ ಶುರುವಾಗುವ ಕೆಲಸ

2011ರ ಅಕ್ಟೋಬರ್‌ನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ, ಅಂದರೆ ಕಾಡಿನ ಉತ್ಪನ್ನವನ್ನು ಊರವರೇ ಆಯ್ದು ಮಾರಬಹುದೆಂಬ ಪತ್ರ, ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥದ್ದು ದೇಶದಲ್ಲೇ ಮೊದಲು. ಅದಕ್ಕೂ ಹಿಂದೆ ಕೆಲ ವರ್ಷ ಅಲ್ಲಿ ಜೇನು, ನೆಲ್ಲಿ, ಕಲ್ಲುಹೂವು ಆಯ್ದು ಮಾರುವುದಕ್ಕೇ ತಡೆಯಿತ್ತು. ಆದರೆ ಪತ್ರ ಬಂದಾಕ್ಷಣ ಕಾಸು ಬರುವುದಿಲ್ಲ. ತೂಕ, ತೇವಾಂಶ, ಲೆಕ್ಕದ ಪುಸ್ತಕ ಈ ಮೂರೂ ಊರಿನ ಕೈಯಲ್ಲೇ ಇರಬೇಕು.

ಅರ್ಜಿಯ ವಿಷಯ ಚುಟುಕಾಗಿ: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಲ್ಲಿಸಬೇಕಾದ್ದು ‘ಸಿ’ ನಮೂನೆ. ಗ್ರಾಮಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಪಕ್ಕದೂರಿನವರನ್ನು ಕರೆದುಕೊಂಡೇ ಎಲ್ಲೆ ಸುತ್ತಿ ನಕ್ಷೆ ಮಾಡಿ. ಎಲ್ಲೆಯ ತಕರಾರು ಮೊದಲೇ ಬಗೆಹರಿಯದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಜೇನಿನಲ್ಲಿ ಹಣವೂ ಇದೆ, ನಷ್ಟವೂ ಇದೆ. ಹೆಜ್ಜೇನಿನ ಹುಟ್ಟಿನಲ್ಲಿ ಮೇಣದಿಂದ ಮುಚ್ಚಿದ ತುಪ್ಪದ ಭಾಗವನ್ನಷ್ಟೇ ಕೊಯ್ಯಬೇಕು, ಮರಿಯಿರುವ ಭಾಗ ಬಿಡಬೇಕು. ಎರಿ ಹಿಂಡಬಾರದು, ಬಟ್ಟೆಯ ಮೇಲಿಟ್ಟು ತಾನಾಗಿ ಸೋರಲು ಬಿಡಿ. ಹಿಂಡಿದರೆ ಮರಿಯ ರಸ, ಪರಾಗ ಎಲ್ಲ ಸೇರಿ ಬೇಗ ಹುಳಿಯುತ್ತದೆ. ನೀರಿನಂಶ ನೂರಕ್ಕೆ 20 ದಾಟಬಾರದು ಎಂಬುದು ಆಹಾರ ಸುರಕ್ಷತೆಯ ನಿಯಮ. ಮಳೆ ಹಿಡಿದ ಮೇಲೆ ಕೊಯ್ದ ಕಾಡುಜೇನು ಸುಲಭವಾಗಿ ಅದನ್ನು ದಾಟುತ್ತದೆ. ಆಗ ನೊರೆ ಬರುತ್ತದೆ, ಡಬ್ಬಿಯ ಮುಚ್ಚಳ ಉಬ್ಬುತ್ತದೆ, ಬೆಂಗಳೂರಿಗೆ ಕಳಿಸಿದ ಸರಕು ವಾಪಸ್ ಬರುತ್ತದೆ. ಒಂದು ಮನೆಯ ನೀರುಜೇನು ಸುರಿದರೆ ಇಡೀ ಡ್ರಮ್ಮು ಹಾಳು. ಹಾಗಾಗಿ ಡ್ರಮ್ಮಿಗೆ ಸುರಿಯುವ ಮೊದಲೇ ಪ್ರತಿ ಮನೆಯದ್ದನ್ನೂ ರಿಫ್ರಾಕ್ಟೋಮೀಟರ್‌ ಎಂಬ ನೀರಿನಂಶ ಅಳೆಯುವ ಸಾಧನದಲ್ಲಿ ನೋಡಿ, ಒಂದು ಹನಿ ಸಾಕು. ನೀರು ಹೆಚ್ಚಿದ್ದನ್ನು ಒಲೆಯ ಮೇಲಿಟ್ಟು ಕುದಿಸಿ ಸರಿಮಾಡಲು ಹೋಗಬೇಡಿ. ಬಣ್ಣ ಕಪ್ಪಾಗುತ್ತದೆ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಬೇರೆಯಾಗಿಟ್ಟು ಊರಲ್ಲೇ ಬೇಗ ಬಳಸುವುದು ಒಳ್ಳೆಯದು.

ನೆಲ್ಲಿಯ ಶತ್ರು ಬಂದಳಿಕೆ, ಕೊಂಬೆಗೆ ಅಂಟಿ ಅದರ ಸಾರ ಹೀರುವ ಗಿಡ. ಅದರ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಕಚ್ಚಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಆದರೆ ಹಣ್ಣು ಕೀಳಲೆಂದು ಕೊಂಬೆ ಕಡಿಯಕೂಡದು. ಬುಡದ ಲಂಟಾನಾ ಕಳೆ ತೆಗೆಯದಿದ್ದರೆ ಸಸಿ ಮೇಲೇಳುವುದಿಲ್ಲ. ಜಿಂಕೆಗಳಿಗೂ ಒಂದಿಷ್ಟು ಹಣ್ಣು ಉಳಿಸಿ, ಬೀಜ ಹರಡುವವು ಅವೇ. ಬೀಜ ಬಿಡಿಸಿದ್ದನ್ನು ನೆಲದ ಮೇಲಲ್ಲ, ಅಟ್ಟಣೆಯ ಮೇಲೆ ಒಣಗಿಸಿ. ಮಂಜು ಬೀಳುವಾಗ ರಾತ್ರಿ ಮುಚ್ಚದಿದ್ದರೆ ಬೂಷ್ಟು ಹಿಡಿಯುತ್ತದೆ, ಗ್ರಂಧಿಗೆ ಅಂಗಡಿಯವರು ಅರ್ಧ ಬೆಲೆಗೂ ಮುಟ್ಟುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸೋಲುವುದು ಒಂದೇ ಕಡೆ: ದಲ್ಲಾಳಿ ಸಂಜೆಗೇ ದುಡ್ಡು ಕೊಡುತ್ತಾನೆ, ಊರವರ ಮಾರಾಟ ಸಂಘ ಕೊಡುವುದು ಸರಕು ಮಾರಾಟವಾದ ಮೇಲೆ. ಮನೆಯಲ್ಲಿ ಅಕ್ಕಿ ಮುಗಿದವರು ಕಾಯಲಾರರು, ಅದು ಅವರ ತಪ್ಪಲ್ಲ. ಹಂಗಾಮಿಗೆ ಮುಂಚೆಯೇ ಸಂಘದಲ್ಲಿ ಕೊಳ್ಳುವ ನಿಧಿ ಇರಲೇಬೇಕು. ಬೆಂಗಳೂರಿನ ಅಂಗಡಿ, ಅಪಾರ್ಟ್‌ಮೆಂಟ್ ಗುಂಪುಗಳು ನಿಜಕ್ಕೂ ನೆರವಾಗಬಹುದಾದ ಜಾಗ ಇದು: ಮಾರ್ಚ್‌ನಲ್ಲೇ ಆರ್ಡರ್ ಕೊಟ್ಟು ಅರ್ಧ ಹಣ ಮುಂಗಡ ಕಟ್ಟಿ, ಶೀಶೆಯ ಮೇಲೆ ಗ್ರಾಮಸಭೆಯ ಹೆಸರು, ಕೊಯ್ದ ತಿಂಗಳು, ತೇವಾಂಶ ಬರೆಯಿರೆಂದು ಕೇಳಿ.